ಲಿಪೇಸ್ ಇಳಿದಿದೆ, ಆದರೂ ಐಸಿಯು ಏಕೆ? ತಿಳಿದವರು ಹೇಳಿ

ಗಂಗಾವತಿ ಗಿರಣಿಯವ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಕ್ಕನ ಗಂಡನಿಗೆ ಶನಿವಾರ ರಾತ್ರಿ ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಬೆನ್ನಿನವರೆಗೂ ಹಬ್ಬಿತು. ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕುಳಿತರೆ ತುಸು ಕಡಿಮೆ. ವಾಂತಿಯೂ ನಿಲ್ಲಲಿಲ್ಲ. ಇಲ್ಲಿಯ ಡಾಕ್ಟರು ಇಸಿಜಿ ತೆಗೆದು, ಹೃದಯದ ತೊಂದರೆಯಲ್ಲ, ತಡಮಾಡದೆ ಬಳ್ಳಾರಿಗೆ ಕರೆದುಕೊಂಡು ಹೋಗಿ ಎಂದರು. ಅಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಅಮೈಲೇಸ್ 1,260, ಲಿಪೇಸ್ 2,140 ಬಂತು. ಲಿಪೇಸ್ 60ರವರೆಗೆ ಸಹಜ ಎಂದು ಅವರ ವರದಿಯಲ್ಲಿದೆ. ಮೇದೋಜೀರಕ ಗ್ರಂಥಿಗೆ ಬಾವು ಬಂದಿದೆ, ಪ್ಯಾಂಕ್ರಿಯಾಟೈಟಿಸ್ ಎಂದು ದಾಖಲು ಮಾಡಿಕೊಂಡರು.

ಅಂದಿನಿಂದ ದಿನವೂ ಅಮೈಲೇಸ್, ಲಿಪೇಸ್ ಎರಡನ್ನೂ ಮಾಡಿಸುತ್ತಿದ್ದಾರೆ. ಇಂದು ಬೆಳಿಗ್ಗೆ ಲಿಪೇಸ್ 480ಕ್ಕೆ ಇಳಿದಿದೆ, ಅಮೈಲೇಸ್ ಹೆಚ್ಚುಕಡಿಮೆ ಸಹಜಕ್ಕೆ ಬಂದಿದೆ. ಮನೆಯವರೆಲ್ಲ ದೇವರಿಗೆ ಕೈಮುಗಿದೆವು. ಮಧ್ಯಾಹ್ನ ಡಾಕ್ಟರು ಬಂದು ಐಸಿಯುಗೆ ಹಾಕುತ್ತೇವೆ ಎಂದರು. ಮೂತ್ರ ಕಡಿಮೆಯಾಗಿದೆಯಂತೆ, ಉಸಿರು ಜೋರಾಗಿದೆಯಂತೆ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಏರಿದೆಯಂತೆ. ರೋಗದ ಪರೀಕ್ಷೆಯೇ ಇಳಿಯುತ್ತಿರುವಾಗ ಐಸಿಯು ಏಕೆ? ಬಿಲ್ಲು ಬೆಳೆಸುವ ಉಪಾಯವಲ್ಲವೇ ಇದು? ಬೇರೆ ಕಡೆ ಸಾಗಿಸಬೇಕೆಂದು ಒಬ್ಬರು, ಬೇಡವೆಂದು ಒಬ್ಬರು, ಮನೆಯಲ್ಲಿ ಜಗಳವೇ ನಡೆದಿದೆ.

ಸಿರುಗುಪ್ಪ ಸೀಮೆ:
ಅಣ್ಣಾ, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಬಿಲ್ಲು.

ಮಾನ್ವಿಯಿಂದ:
ಹೈದರಾಬಾದಿಗೆ ಕರೆದೊಯ್ಯಿರಿ. ನಮ್ಮ ಕಡೆಯವರೆಲ್ಲ ಅಲ್ಲಿಗೇ ಹೋಗುವುದು.

ಲ್ಯಾಬಿನಾಕೆ, ರಾಯಚೂರು:
ಸಿರುಗುಪ್ಪದವರೇ, ಸ್ವಲ್ಪ ತಡೆಯಿರಿ. ನಾನು ಈ ಎರಡು ಪರೀಕ್ಷೆಗಳನ್ನು ದಿನನಿತ್ಯ ಮಾಡುವವಳು.

ಅಮೈಲೇಸ್ ಪಿಷ್ಟವನ್ನು ಒಡೆಯುವ ಕಿಣ್ವ, ಲಿಪೇಸ್ ಕೊಬ್ಬನ್ನು ಒಡೆಯುವ ಕಿಣ್ವ. ಮೇದೋಜೀರಕ ಗ್ರಂಥಿಗೆ ಪೆಟ್ಟಾದಾಗ ಇವು ಕರುಳಿಗೆ ಹೋಗುವ ಬದಲು ರಕ್ತಕ್ಕೆ ಸೋರುತ್ತವೆ. ನೋವು ಶುರುವಾದ ಕೆಲವೇ ಗಂಟೆಗಳಲ್ಲಿ ಎರಡೂ ಏರುತ್ತವೆ. ಅಮೈಲೇಸ್ ಬೇಗ ಇಳಿಯುತ್ತದೆ, ಸಾಮಾನ್ಯವಾಗಿ 3ರಿಂದ 7 ದಿನಗಳಲ್ಲಿ ಸಹಜಕ್ಕೆ ಬರುತ್ತದೆ. ಲಿಪೇಸ್ ಒಂದರಿಂದ ಎರಡು ವಾರ ಕಾಣಿಸಿಕೊಳ್ಳಬಹುದು. ಇಳಿಯುವುದು ಅವುಗಳ ಸ್ವಭಾವ, ಮೂತ್ರಪಿಂಡ ಮತ್ತು ಶರೀರದ ಉಳಿದ ವ್ಯವಸ್ಥೆ ಅವನ್ನು ತೆರವು ಮಾಡುತ್ತಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಒಡೆದು ಗದ್ದೆಗೆ ನುಗ್ಗಿದ ನೀರು ಇಳಿಯಿತು ಎಂದ ಮಾತ್ರಕ್ಕೆ ಪೈರು ಉಳಿಯಿತು ಎಂದಾಗುತ್ತದೆಯೇ? ನೀವು ಗಂಗಾವತಿಯವರು, ನಿಮಗೆ ಹೇಳಬೇಕಾಗಿಲ್ಲ.

ಸಿರುಗುಪ್ಪ ಸೀಮೆ:
ಹಾಗಾದರೆ ಅಕ್ಕಾ, ಇಳಿಕೆಗೆ ಅರ್ಥವಿಲ್ಲ ಎನ್ನುವುದಾದರೆ ದಿನವೂ ರಕ್ತ ಎಳೆಯುವುದೇಕೆ? ನನ್ನ ಮಾತಿಗೆ ನೀವೇ ಸಾಕ್ಷಿ ಒದಗಿಸಿದಿರಿ.

ಲ್ಯಾಬಿನಾಕೆ, ರಾಯಚೂರು:
ದಿನವೂ ಮಾಡಿಸಬೇಕಾಗಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಐಸಿಯು ಬೇಡ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ. ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟಬೇಡಿ.

ರಾತ್ರಿಪಾಳಿ ವೈದ್ಯ, ಬಳ್ಳಾರಿ:
ಗಿರಣಿಯವರೇ, ನಾನು ಆ ಆಸ್ಪತ್ರೆಯವನಲ್ಲ, ರೋಗಿಯನ್ನು ನೋಡಿದವನೂ ಅಲ್ಲ. ಆದರೂ ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಲಿಪೇಸ್ ಅಲ್ಲ. ಮೂತ್ರ ಕಡಿಮೆ, ಉಸಿರು ಜೋರು, ಕ್ರಿಯಾಟಿನಿನ್ ಏರಿಕೆ. ಈ ಮೂರು ಒಟ್ಟಿಗೆ ಬಂದರೆ ನಾನೂ ಐಸಿಯುಗೇ ಕಳುಹಿಸುತ್ತೇನೆ, ಲಿಪೇಸ್ 480 ಇದ್ದರೂ 4,800 ಇದ್ದರೂ.

ರೋಗವನ್ನು ಗುರುತಿಸುವ ಕ್ರಮ ಹೀಗಿದೆ. ಅಂಥದ್ದೇ ಲಕ್ಷಣದ ನೋವು. ಅಮೈಲೇಸ್ ಅಥವಾ ಲಿಪೇಸ್ ಸಹಜ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು. ಸ್ಕ್ಯಾನಿನಲ್ಲಿ ಬಾವಿನ ಗುರುತು. ಮೂರರಲ್ಲಿ ಎರಡಿದ್ದರೆ ಸಾಕು. 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣ ಇದನ್ನೇ ಹೇಳುತ್ತದೆ. ನಿಮ್ಮ ಭಾವನವರಿಗೆ ನೋವೂ ಇದೆ, ಲಿಪೇಸ್ ಮೂರು ಪಟ್ಟನ್ನು ಎಂದೋ ದಾಟಿದೆ. ಅಲ್ಲಿಗೆ ಲಿಪೇಸಿನ ಕೆಲಸ ಮುಗಿಯಿತು. ರೋಗ ಎಷ್ಟು ತೀವ್ರ ಎಂಬುದನ್ನು ಅದು ಹೇಳಲಾರದು. 5,000 ಬಂದವರು ಕೆಲವೇ ದಿನಗಳಲ್ಲಿ ಮನೆಗೆ ನಡೆದು ಹೋಗಿದ್ದನ್ನು ನೋಡಿದ್ದೇನೆ. 400 ಬಂದವರು ವೆಂಟಿಲೇಟರ್ ಮೇಲೆ ಹೋಗಿದ್ದನ್ನೂ ನೋಡಿದ್ದೇನೆ.

ತೀವ್ರತೆ ತಿಳಿಯಲು ನೋಡುವುದೇ ಬೇರೆ. ರಕ್ತದ ಯೂರಿಯಾ, ಕ್ರಿಯಾಟಿನಿನ್, ನಿಮ್ಮ ವರದಿಯಲ್ಲಿ ಪಿಸಿವಿ ಎಂದಿರುವ ಹಿಮಾಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ಬಿಳಿ ರಕ್ತಕಣ, ಕ್ಯಾಲ್ಸಿಯಂ, ಆಮ್ಲಜನಕ. ಜೊತೆಗೆ ನಾಡಿ, ಉಸಿರು, ಜ್ವರ. ಬಾವಿನಿಂದಾಗಿ ರಕ್ತನಾಳಗಳ ಒಳಗಿನ ನೀರು ಹೊರಗೆ ಸೋರಿ ಹೋಗುತ್ತದೆ, ರಕ್ತ ಗಟ್ಟಿಯಾಗುತ್ತದೆ, ಪಿಸಿವಿ 44ರ ಮೇಲಕ್ಕೆ ಏರುತ್ತದೆ. ಮೂತ್ರಪಿಂಡಕ್ಕೆ ರಕ್ತ ಸಾಲದೆ ಯೂರಿಯಾ ಏರುತ್ತದೆ. ಡ್ರಿಪ್ ಕೊಟ್ಟ ಮೇಲೂ ಯೂರಿಯಾ ಏರುತ್ತಲೇ ಇದ್ದರೆ ಎಚ್ಚರವಾಗಬೇಕು. ಶ್ವಾಸಕೋಶ, ಮೂತ್ರಪಿಂಡ, ರಕ್ತದೊತ್ತಡ ಇವುಗಳಲ್ಲಿ ಯಾವುದೇ ಒಂದು 48 ಗಂಟೆಗಿಂತ ಹೆಚ್ಚು ಕಾಲ ಸೋತರೆ ಅದನ್ನು ತೀವ್ರ ಪ್ಯಾಂಕ್ರಿಯಾಟೈಟಿಸ್ ಎನ್ನುತ್ತೇವೆ. ಈ ಸ್ಥಿತಿಯಲ್ಲಿ ರೋಗಿಯನ್ನು ಆಂಬುಲೆನ್ಸಿನಲ್ಲಿ ಹಾಕಿಕೊಂಡು ಊರೂರು ಅಲೆಯಬೇಡಿ. ಸಾಗಿಸಲೇಬೇಕೆಂದರೆ ಆ ಕಡೆ ಹಾಸಿಗೆ ಖಾತ್ರಿಯಾದ ಮೇಲೆ, ಆಮ್ಲಜನಕ ಮತ್ತು ಡ್ರಿಪ್ ನಡೆಯುತ್ತಿರುವಾಗಲೇ ಸಾಗಿಸಿ.

ಗಂಗಾವತಿ ಗಿರಣಿಯವ:
ಧನ್ಯವಾದ ಡಾಕ್ಟರೇ. ಪಿಸಿವಿ 51 ಎಂದಿದೆ. ಯೂರಿಯಾ 74. ಇವುಗಳ ಬಗ್ಗೆ ನಮಗೆ ಯಾರೂ ಒಂದು ಮಾತು ಹೇಳಲಿಲ್ಲ. ಕೈಗೆ ಕೊಟ್ಟದ್ದು ಲಿಪೇಸ್ ಚೀಟಿ, ನಾವು ಅದನ್ನೇ ನೋಡುತ್ತ ಕುಳಿತಿದ್ದೆವು.

ಲ್ಯಾಬಿನಾಕೆ, ರಾಯಚೂರು:
ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಈ ರೋಗದ ತೀವ್ರತೆ ಅಳೆಯುವ ಬಿಸಾಪ್ ಎಂಬ ಅಂಕ ಲೆಕ್ಕ ಸಿಗುತ್ತದೆ, ಅದರಲ್ಲಿ ಬಿಯುಎನ್, ಅಂದರೆ ಯೂರಿಯಾದಲ್ಲಿರುವ ಸಾರಜನಕ ಮಾತ್ರ, 25ಕ್ಕಿಂತ ಹೆಚ್ಚಿದ್ದರೆ ಒಂದು ಅಂಕ. ನಮ್ಮ ಲ್ಯಾಬುಗಳಲ್ಲಿ ಬಹುಪಾಲು ಕೊಡುವುದು ಬ್ಲಡ್ ಯೂರಿಯಾ, ಬಿಯುಎನ್ ಅಲ್ಲ. ಬಿಯುಎನ್ 25 ಎಂದರೆ ಯೂರಿಯಾ ಸುಮಾರು 53. ಅದನ್ನು ತಿಳಿಯದೆ ಯೂರಿಯಾ 30 ಇದ್ದವರಿಗೂ ಅಂಕ ಹಾಕಿಕೊಂಡು ಹೆದರುವವರು ಇದ್ದಾರೆ.

ನಿವೃತ್ತ ಮಾಸ್ತರ, ಕುಷ್ಟಗಿ:
ವಿಜ್ಞಾನ ಪಾಠ ಮಾಡಿದವನಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಅಮೈಲೇಸ್ ಬರೀ ಮೇದೋಜೀರಕದ ಆಸ್ತಿಯಲ್ಲ. ಜೋಳದ ರೊಟ್ಟಿಯನ್ನು ಬಾಯಲ್ಲಿ ಬಹಳ ಹೊತ್ತು ಅಗಿದು ನೋಡಿ, ಸಿಹಿಯಾಗುತ್ತದೆ. ಜೊಲ್ಲಿನಲ್ಲಿಯೂ ಅದೇ ಕಿಣ್ವವಿದೆ. ಮಕ್ಕಳಿಗೆ ಗಂಜಿಗೆ ಅಯೋಡಿನ್ ಹಾಕಿ, ನೀಲಿಯಾದ ಮೇಲೆ ಜೊಲ್ಲು ಸೇರಿಸಿ ಬಣ್ಣ ಹೋಗುವುದನ್ನು ತೋರಿಸುತ್ತಿದ್ದೆ. ಇಂಥ ಕಿಣ್ವವನ್ನು 1833ರಲ್ಲಿಯೇ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬವರು ಮೊಳಕೆ ಕಾಳಿನಿಂದ ಬೇರ್ಪಡಿಸಿ ಡಯಾಸ್ಟೇಸ್ ಎಂದು ಕರೆದರು.

ನಮ್ಮ ಮೊಮ್ಮಗನಿಗೆ ಮಂಗನಬಾವು ಬಂದಾಗ ಹೊಟ್ಟೆನೋವೆಂದು ಅತ್ತ. ಅಮೈಲೇಸ್ ಏರಿತ್ತು. ಮನೆಯವರು ಗಾಬರಿಯಾದರು. ಡಾಕ್ಟರು ಲಿಪೇಸ್ ಮಾಡಿಸಿದರು, ಅದು ಸಹಜವಾಗಿತ್ತು. ಕೆನ್ನೆ ಊದಿದ್ದಕ್ಕೇ ಅಮೈಲೇಸ್ ಏರಿತ್ತು ಅಷ್ಟೇ.

ರಾತ್ರಿಪಾಳಿ ವೈದ್ಯ, ಬಳ್ಳಾರಿ:
ಮಾಸ್ತರರು ಹೇಳಿದ್ದು ಸರಿ. ಅಪರೂಪಕ್ಕೆ ಮಂಗನಬಾವೇ ಮೇದೋಜೀರಕಕ್ಕೂ ತಗಲುತ್ತದೆ, ಹಾಗಾಗಿ ಲಿಪೇಸ್ ನೋಡಿದ್ದು ಒಳ್ಳೆಯದಾಯಿತು. ಕರುಳು ತೂತಾದಾಗ, ಕರುಳಿಗೆ ರಕ್ತ ನಿಂತಾಗ, ಗರ್ಭನಾಳದಲ್ಲಿ ಗರ್ಭ ನಿಂತು ಒಡೆದಾಗ ಕೂಡ ಅಮೈಲೇಸ್ ಏರುತ್ತದೆ. ಇವೆಲ್ಲ ಚಾಕು ಹಿಡಿಯಬೇಕಾದ ಕಾಯಿಲೆಗಳು. ಅಮೈಲೇಸ್ ತುಸು ಏರಿದೆ ಎಂದು ಪ್ಯಾಂಕ್ರಿಯಾಟೈಟಿಸ್ ಹಣೆಪಟ್ಟಿ ಅಂಟಿಸಿ ಡ್ರಿಪ್ ಹಾಕಿ ಕೂತರೆ ರೋಗಿ ಕೈತಪ್ಪುತ್ತಾನೆ. ಮೂರು ಪಟ್ಟು ಎಂಬ ಗೆರೆ ಎಳೆದಿರುವುದು ಅದಕ್ಕೇ.

ಸಿಂಧನೂರು ಭತ್ತ:
ಇದು ನಮ್ಮ ಮನೆಯಲ್ಲಿಯೂ ಆಗಿದೆ. ತಮ್ಮ ಗದ್ದೆಗೆ ಎಣ್ಣೆ (ಕೀಟನಾಶಕ) ಹೊಡೆಯಲು ಹೋದವನು, ಮೂಗಿಗೆ ಬಟ್ಟೆ ಇಲ್ಲ, ಕೈಗೆ ಕವಚವಿಲ್ಲ. ಸಂಜೆಗೆ ವಾಂತಿ, ಹೊಟ್ಟೆನೋವು, ಬಾಯಲ್ಲಿ ನೊರೆ. ಅಮೈಲೇಸ್ ಏರಿದೆ ಎಂದು ಪ್ಯಾಂಕ್ರಿಯಾಸ್ ಎಂದರು. ಆಮೇಲೆ ಬಂದ ಹಿರಿಯ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಯಾವ ಔಷಧ ಹೊಡೆದದ್ದು, ಡಬ್ಬಿ ತನ್ನಿ ಎಂದರು. ಅದು ಕೀಟನಾಶಕದ ವಿಷ ಎಂದಾಯಿತು. ಹಾಗಾದರೆ ಅಮೈಲೇಸ್ ಯಾಕೆ ಏರಿತು?

ರಾತ್ರಿಪಾಳಿ ವೈದ್ಯ, ಬಳ್ಳಾರಿ:
ಕ್ಲೋರ್‌ಪೈರಿಫಾಸ್, ಮೋನೋಕ್ರೋಟೋಫಾಸ್‌ನಂಥ ಆರ್ಗನೋಫಾಸ್ಫೇಟ್‌ಗಳು ಶರೀರದ ಗ್ರಂಥಿಗಳನ್ನೆಲ್ಲ ಒಮ್ಮೆಲೇ ಕೆರಳಿಸುತ್ತವೆ. ಜೊಲ್ಲು, ಬೆವರು, ಕಣ್ಣೀರು ಸುರಿಯುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಜೊಲ್ಲುಗ್ರಂಥಿಯ ಅಮೈಲೇಸ್ ರಕ್ತಕ್ಕೂ ಬರುತ್ತದೆ. ಆದರೆ ಇದಷ್ಟೇ ಎಂದು ಬಿಡುವಂತಿಲ್ಲ. ಕೆಲವರಲ್ಲಿ ಈ ವಿಷದಿಂದ ನಿಜವಾದ ಪ್ಯಾಂಕ್ರಿಯಾಟೈಟಿಸ್ ಕೂಡ ಆಗುತ್ತದೆ. ಆಗ ಲಿಪೇಸ್ ಮತ್ತು ಸ್ಕ್ಯಾನ್ ನೆರವಿಗೆ ಬರುತ್ತವೆ. ವಿಷದ ಗುರುತಿಗೆ ಕೋಲಿನ್‌ಎಸ್ಟರೇಸ್ ಎಂಬ ಬೇರೆ ರಕ್ತಪರೀಕ್ಷೆ ಇದೆ, ಅದು ಇಳಿದಿರುತ್ತದೆ. ನಮ್ಮ ಭತ್ತ, ಹತ್ತಿ, ಮೆಣಸಿನಕಾಯಿ ಸೀಮೆಯಲ್ಲಿ ಹೊಟ್ಟೆನೋವೆಂದು ಬಂದವರನ್ನು ಎಣ್ಣೆ ಹೊಡೆದಿರೇ ಎಂದು ನಾನು ತಪ್ಪದೆ ಕೇಳುತ್ತೇನೆ.

ಸಿಂಧನೂರು ಭತ್ತ:
ಕೇಳುವ ಡಾಕ್ಟರು ಸಿಗಬೇಕಲ್ಲ ಸರ್.

ಸಿರುಗುಪ್ಪ ಸೀಮೆ:
ಸರಿ, ಐಸಿಯು ವಿಷಯ ಬಿಟ್ಟೆ. ಆದರೆ ಮೊದಲ ದಿನವೇ ಅಮೈಲೇಸ್, ಲಿಪೇಸ್ ಎರಡನ್ನೂ ಮಾಡಿಸುವುದಕ್ಕೆ ಏನು ಸಮರ್ಥನೆ? ಲಿಪೇಸ್ ಉತ್ತಮ ಎಂದು ನೀವೇ ಹೇಳುತ್ತಿದ್ದೀರಿ.

ಲ್ಯಾಬಿನಾಕೆ, ರಾಯಚೂರು:
ಇದರಲ್ಲಿ ನಾನು ನಿಮ್ಮ ಪಕ್ಷ. ಲಿಪೇಸ್ ಸಿಗುವ ಕಡೆ ಲಿಪೇಸ್ ಒಂದೇ ಸಾಕು. ಅಮೆರಿಕದ ಪ್ಯಾಥಾಲಜಿ ವೈದ್ಯರ ಸಂಘವೇ ಈ ಸಂಶಯದಲ್ಲಿ ಅಮೈಲೇಸ್ ಮಾಡಬೇಡಿ, ಲಿಪೇಸ್ ಮಾಡಿ ಎಂದು ಹೇಳಿದೆ. ಇಲ್ಲಿ ಎರಡನ್ನೂ ಬರೆಯುವುದು ಹೆಚ್ಚಾಗಿ ರೂಢಿಯಿಂದ, ಫಾರ್ಮಿನಲ್ಲಿ ಅಕ್ಕಪಕ್ಕ ಎರಡು ಚೌಕವಿದ್ದರೆ ಎರಡಕ್ಕೂ ಗುರುತು ಬೀಳುತ್ತದೆ.

ಇನ್ನೊಂದು ಮಗ್ಗುಲೂ ಇದೆ. ತಾಲ್ಲೂಕಿನ ಸಣ್ಣ ಲ್ಯಾಬುಗಳಲ್ಲಿ ಅಮೈಲೇಸ್ ಕಿಟ್ ಮಾತ್ರ ಇರುತ್ತದೆ. ಲಿಪೇಸ್ ಕಿಟ್ ದುಬಾರಿ, ತೆರೆದ ಮೇಲೆ ಕೆಲವು ವಾರಗಳಲ್ಲಿ ಮುಗಿಸಬೇಕು, ಅಷ್ಟು ರೋಗಿಗಳು ಬರುವುದಿಲ್ಲ. ಮಾದರಿಯನ್ನು ಜಿಲ್ಲೆಗೆ ಕಳುಹಿಸಿದರೆ ವರದಿ ಮರುದಿನ. ಅಂಥ ಕಡೆ ಅಮೈಲೇಸ್ ಮಾಡಿದರೆ ತಪ್ಪೆನ್ನಲಾರೆ. ಮತ್ತೆ ದಯವಿಟ್ಟು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ತುಂಬಿ ಕಳುಹಿಸಬೇಡಿ. ಅಮೈಲೇಸ್ ಕೆಲಸ ಮಾಡಲು ಕ್ಯಾಲ್ಸಿಯಂ ಬೇಕು, ಇಡಿಟಿಎ ಅದನ್ನು ಹಿಡಿದುಕೊಳ್ಳುತ್ತದೆ. ಫಲಿತಾಂಶ ಸುಳ್ಳಾಗಿ ಕಡಿಮೆ ಬರುತ್ತದೆ. ಕೆಂಪು ಅಥವಾ ಹಳದಿ ಮುಚ್ಚಳದ್ದು ಬೇಕು. ಹೊರಗಿನಿಂದ ಬರುವ ಮಾದರಿಗಳಲ್ಲಿ ಇದೊಂದು ತಲೆನೋವು.

ಮಾನ್ವಿಯಿಂದ:
ನಮ್ಮ ದೊಡ್ಡಪ್ಪನಿಗೆ ಬಾವಿನ ಮಟ್ಟ ನೋಡುವ ಸಿಆರ್‌ಪಿ ರಕ್ತಪರೀಕ್ಷೆಯಲ್ಲಿ 18 ಬಂತು, ಅದಕ್ಕೇ ಡಾಕ್ಟರು ಗಂಭೀರ ಎಂದು ಹೆದರಿಸಿದರು. 150 ದಾಟಿದರೆ ಮಾತ್ರ ಗಂಭೀರ ಎಂದು ಎಲ್ಲ ಕಡೆ ಬರೆದಿದೆ. ಇದಕ್ಕೇನು ಹೇಳುತ್ತೀರಿ?

ಲ್ಯಾಬಿನಾಕೆ, ರಾಯಚೂರು:
ವರದಿಯಲ್ಲಿ ಅಂಕಿಯ ಮುಂದೆ ಏನಿದೆ ನೋಡಿ. ಲೀಟರಿಗೆ ಮಿಲಿಗ್ರಾಂ ಎಂದಿದೆಯೋ, ಡೆಸಿಲೀಟರಿಗೆ ಎಂದಿದೆಯೋ? ಡೆಸಿಲೀಟರಿಗೆ 18 ಎಂದರೆ ಲೀಟರಿಗೆ 180.

ಮಾನ್ವಿಯಿಂದ:
ಡೆಸಿಲೀಟರ್ ಎಂದಿದೆ.

ರಾತ್ರಿಪಾಳಿ ವೈದ್ಯ, ಬಳ್ಳಾರಿ:
ಹಾಗಿದ್ದರೆ ಅವರು ಹೆದರಿಸಿಲ್ಲ, ಇದ್ದದ್ದನ್ನು ಹೇಳಿದ್ದಾರೆ. ಸಿಆರ್‌ಪಿ ನಿಧಾನವಾಗಿ ಏರುವ ಪರೀಕ್ಷೆ. 48 ಗಂಟೆಗಳ ಹೊತ್ತಿಗೆ ಲೀಟರಿಗೆ 150 ಮಿಲಿಗ್ರಾಂ ದಾಟಿದರೆ ರೋಗ ಬಲವಾಗಿದೆ ಎಂದು ಶಂಕಿಸಬಹುದು. ಮೊದಲ ದಿನದ ಸಿಆರ್‌ಪಿ ಸಹಜವಿದ್ದರೆ ನಿಶ್ಚಿಂತೆ ಎಂದು ಮಾತ್ರ ತಿಳಿಯಬೇಡಿ. ಲಿಪೇಸ್‌ನಂತೆ ಮೇದೋಜೀರಕಕ್ಕೇ ಸೇರಿದ ಗುರುತೂ ಅದಲ್ಲ, ನ್ಯುಮೋನಿಯಾದಲ್ಲಿಯೂ ಏರುತ್ತದೆ.

ತೋರಣಗಲ್ಲು ಪಾಳಿ:
ನನ್ನದು ವಿಚಿತ್ರ. ನೋವು ಇದ್ದೇ ಇತ್ತು, ಅಮೈಲೇಸ್ ಸಹಜ ಬಂತು. ಆಮ್ಲತೆ ಎಂದು ಮನೆಗೆ ಕಳುಹಿಸಿದರು. ಎರಡನೆಯ ಸಲ ಬೇರೆ ಕಡೆ ಹೋದಾಗ ಸಿರಿಂಜಿನಲ್ಲಿ ಎಳೆದ ರಕ್ತ ಟ್ಯೂಬಿನಲ್ಲಿ ನಿಂತು ಮೇಲೆ ಹಾಲಿನಂತೆ ಬೆಳ್ಳಗಾಯಿತು. ನರ್ಸಮ್ಮನವರೇ ಬೆಚ್ಚಿಬಿದ್ದರು. ಟ್ರೈಗ್ಲಿಸರೈಡ್ 2,800 ಇತ್ತು. ಸಕ್ಕರೆ ಕಾಯಿಲೆ ಇದೆ ಎಂಬುದು ಗೊತ್ತಾದದ್ದೂ ಅಂದೇ.

ಲ್ಯಾಬಿನಾಕೆ, ರಾಯಚೂರು:
ಅಷ್ಟು ಕೊಬ್ಬಿದ್ದರೆ ಅಮೈಲೇಸ್ ಪರೀಕ್ಷೆ ದಾರಿ ತಪ್ಪುತ್ತದೆ, ಸುಳ್ಳಾಗಿ ಸಹಜ ತೋರಿಸುತ್ತದೆ. ಸೀರಂ ಮಬ್ಬಾಗಿದ್ದರೆ ಅದನ್ನು ದುರ್ಬಲಗೊಳಿಸಿ, ಅಂದರೆ ಸಲೈನ್ ಬೆರೆಸಿ ಮತ್ತೆ ಮಾಡಬೇಕು. ಮಾಡದಿದ್ದರೂ ಸೀರಂ ಹಾಲಿನಂತಿದೆ ಎಂದು ವರದಿಯ ಕೆಳಗೆ ಬರೆಯಲೇಬೇಕು. ಆ ಒಂದು ಸಾಲು ಬರೆಯದೆ ಬಿಟ್ಟ ಲ್ಯಾಬಿನವರ ಮೇಲೆ ನನಗೆ ಸಿಟ್ಟಿದೆ.

ರಾತ್ರಿಪಾಳಿ ವೈದ್ಯ, ಬಳ್ಳಾರಿ:
ಟ್ರೈಗ್ಲಿಸರೈಡ್ 1,000 ದಾಟಿದರೆ ಅದೇ ರೋಗಕ್ಕೆ ಕಾರಣವಾಗಬಲ್ಲದು. ಮೊದಲ ದಿನವೇ ಅದನ್ನು ನೋಡಬೇಕು, ಏಕೆಂದರೆ ಊಟ ನಿಲ್ಲಿಸಿದ ಮೇಲೆ ಅದು ಸರಸರನೆ ಇಳಿದು ಗುರುತು ಅಳಿಸಿಹೋಗುತ್ತದೆ. ಬಹಳ ವರ್ಷ ಕುಡಿದವರಲ್ಲೂ ಅಮೈಲೇಸ್ ಏರದೆ ಇರುವುದುಂಟು, ಗ್ರಂಥಿಯೇ ಸವೆದು ಸುರಿಸಲು ಕಿಣ್ವ ಉಳಿದಿರುವುದಿಲ್ಲ.

ಹೊಸಪೇಟೆ ರಸ್ತೆ:
ಕುಡಿತದ ಮಾತು ಬಂತು, ಇನ್ನು ಎಲ್ಲರೂ ರೋಗಿಯನ್ನು ಕುಡುಕ ಎನ್ನುತ್ತೀರಿ. ನಮ್ಮ ಅಣ್ಣನಿಗೆ ಇದೇ ಕಾಯಿಲೆ ಬಂದಾಗ ವಾರ್ಡಿನಲ್ಲಿ ಬಂದವರೆಲ್ಲ ಎಷ್ಟು ಕುಡಿಯುತ್ತೀಯಪ್ಪ ಎಂದೇ ಕೇಳಿದರು. ಅವನು ಲಿಂಗದೀಕ್ಷೆ ಆದವನು, ಬಾಟಲಿ ಮುಟ್ಟಿದವನಲ್ಲ.

ಕೊಪ್ಪಳದ ಅಕ್ಕ:
ನನ್ನನ್ನೂ ಕೇಳಿದ್ದರು! ಮಗು ಹುಟ್ಟಿ ತಿಂಗಳುಗಳಷ್ಟೇ ಆಗಿತ್ತು. ಪಿತ್ತಕೋಶದ ಕಲ್ಲು ಜಾರಿ ನಾಳದ ಬಾಯಿಗೆ ಸಿಕ್ಕಿಕೊಂಡಿತ್ತು. ಬಸಿರಿನಲ್ಲಿ ಕಲ್ಲಾಗುವುದು ಹೆಚ್ಚು ಎಂದು ಆಮೇಲೆ ತಿಳಿಯಿತು. ನನಗೆ ಸುಳಿವು ಕೊಟ್ಟದ್ದು ಲಿವರ್ ಪರೀಕ್ಷೆ. ಎಸ್‌ಜಿಪಿಟಿ 300ರ ಮೇಲಿತ್ತು. ಸ್ಕ್ಯಾನಿಂಗ್‌ನಲ್ಲಿ ಮೊದಲ ಸಲ ಕಲ್ಲು ಕಾಣಲಿಲ್ಲ, ಹೊಟ್ಟೆಯಲ್ಲಿ ಗಾಳಿ ತುಂಬಿದೆ ಎಂದರು. ಆದರೂ ಡಾಕ್ಟರು ಕಲ್ಲೇ ಇರಬೇಕು ಎಂದು ಹಟ ಹಿಡಿದು ಮತ್ತೆ ಮಾಡಿಸಿದರು, ಸಿಕ್ಕಿತು. ಗಿರಣಿಯವರೇ, ನಿಮ್ಮ ಭಾವನಿಗೆ ಸ್ಕ್ಯಾನಿಂಗ್ ಆಗಿದೆಯೇ? ಎಸ್‌ಜಿಪಿಟಿ ಎಷ್ಟಿದೆ?

ರಾತ್ರಿಪಾಳಿ ವೈದ್ಯ, ಬಳ್ಳಾರಿ:
ಒಳ್ಳೆಯ ಪ್ರಶ್ನೆ. ನೋವಿನ ಮೊದಲ ಎರಡು ದಿನಗಳಲ್ಲಿ ಎಸ್‌ಜಿಪಿಟಿ 150 ದಾಟಿದ್ದರೆ ಕಲ್ಲಿನ ಸಂಶಯ ಬಲವಾಗುತ್ತದೆ. ಸಹಜವಿದ್ದರೆ ಕಲ್ಲಿಲ್ಲ ಎಂದೇನೂ ಅಲ್ಲ. ಕಲ್ಲು ಮತ್ತು ಮದ್ಯ ಇವೆರಡೇ ಬಹುಪಾಲು ಕಾರಣಗಳು. ಹೊಸಪೇಟೆಯವರ ಸಿಟ್ಟು ಅರ್ಥವಾಗುತ್ತದೆ, ಆದರೆ ಪ್ರಶ್ನೆ ಕೇಳಲೇಬೇಕಾಗುತ್ತದೆ. ಕೇಳುವ ರೀತಿ ತಿದ್ದಿಕೊಳ್ಳಬಹುದು.

ಗಂಗಾವತಿ ಗಿರಣಿಯವ:
ಎಸ್‌ಜಿಪಿಟಿ 212. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲುಗಳಿವೆ ಎಂದು ಬರೆದಿದೆ. ಸಿಟಿ ಸ್ಕ್ಯಾನ್ ಈಗ ಬೇಡ ಎನ್ನುತ್ತಿದ್ದಾರೆ. ಇದುವರೆಗೆ ಬೇಡದ್ದನ್ನೆಲ್ಲ ಮಾಡಿದವರು ಈಗ ಬೇಕಾದದ್ದನ್ನು ಬೇಡ ಎನ್ನುವುದೇಕೆ?

ರಾತ್ರಿಪಾಳಿ ವೈದ್ಯ, ಬಳ್ಳಾರಿ:
ಇದು ಸರಿಯಾದ ನಿರ್ಧಾರವೇ. ರೋಗ ಈಗಾಗಲೇ ಖಚಿತವಾಗಿದೆ. ಗ್ರಂಥಿಯ ಭಾಗ ಸತ್ತಿದೆಯೇ ಎಂಬುದು ಮೊದಲ ಮೂರು ದಿನಗಳ ಸಿಟಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ಕ್ರಿಯಾಟಿನಿನ್ ಏರಿರುವಾಗ, ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣಲೆಂದು ಕೊಡುವ ಕಾಂಟ್ರಾಸ್ಟ್ ಔಷಧ ಚುಚ್ಚುವುದಕ್ಕೂ ಹಿಂದೆಮುಂದೆ ನೋಡಬೇಕು.

ನಿವೃತ್ತ ಮಾಸ್ತರ, ಕುಷ್ಟಗಿ:
ತಡವಾಗಿ ಬಂದವರ ಕಥೆಯನ್ನೂ ಒಂದಿಷ್ಟು ಹೇಳಿ. ನಮ್ಮ ಊರಿನ ಒಬ್ಬರಿಗೆ ಬಟ್ಟಿ ಬಿದ್ದಿದೆ ಎಂದು ವಾರಕ್ಕೂ ಮೇಲ್ಪಟ್ಟು ಹೊಟ್ಟೆ ತಿಕ್ಕಿಸಿದರು. ನೋವಿನ ಮೇಲೆ ತಿಕ್ಕುವುದು, ಅದರ ಮೇಲೆ ಜೀರಿಗೆ ಕಷಾಯ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅಮೈಲೇಸ್ ಸಹಜ. ಮನೆಯವರಿಗೆ ಅದು ತಿಕ್ಕಿದವನ ಕೈಗುಣ! ಕಡೆಗೆ ಸಿಟಿಯಲ್ಲಿ ಗ್ರಂಥಿಯ ಸುತ್ತ ನೀರು ತುಂಬಿಕೊಂಡದ್ದು ಕಂಡಿತು.

ಯಲಬುರ್ಗಾ ಹಳ್ಳಿ:
ಬಟ್ಟಿ ತೆಗೆಯುವುದನ್ನು ಹೀಗಳೆಯಬೇಡಿ ಮಾಸ್ತರೇ. ನಮ್ಮ ಅಜ್ಜಿ ಎಷ್ಟೋ ಜನರಿಗೆ ತೆಗೆದಿದ್ದಾರೆ, ಎದ್ದು ಕೆಲಸಕ್ಕೆ ಹೋಗಿದ್ದಾರೆ.

ನಿವೃತ್ತ ಮಾಸ್ತರ, ಕುಷ್ಟಗಿ:
ಎದ್ದು ಹೋದವರಿಗೆ ಪ್ಯಾಂಕ್ರಿಯಾಟೈಟಿಸ್ ಇರಲಿಲ್ಲ ತಮ್ಮಾ. ಇದ್ದವರು ಏಳುವುದಿಲ್ಲ.

ಯಲಬುರ್ಗಾ ಹಳ್ಳಿ:
ಅಜ್ಜಿಯ ಕೈಗೆ ಲಿಪೇಸ್ ಕಿಟ್ ಕೊಡಿಸಿ, ಅವರೂ ನೋಡಿಯೇ ತಿಕ್ಕುತ್ತಾರೆ.

ಹೊಸಪೇಟೆ ರಸ್ತೆ:
ಊಟದ ಮಾತು ಯಾರೂ ಎತ್ತಲಿಲ್ಲ. ಅಣ್ಣ ಈಗ ಮಂಡಾಳ ಒಗ್ಗರಣೆ, ಮಿರ್ಚಿ ಬಿಟ್ಟಿದ್ದಾನೆ. ಬಳ್ಳಾರಿಯಲ್ಲಿದ್ದುಕೊಂಡು ಮಿರ್ಚಿ ಬಿಡುವುದು ಸಂನ್ಯಾಸಕ್ಕಿಂತ ಕಷ್ಟ ಎನ್ನುತ್ತಾನೆ.

ತೋರಣಗಲ್ಲು ಪಾಳಿ:
ಒಗ್ಗರಣೆ ಮಿರ್ಚಿ ಕೊಪ್ಪಳದ್ದು ಉತ್ತಮ. ನಾನೂ ಈಗ ವಾಸನೆ ನೋಡಿ ಮುಂದೆ ಹೋಗುತ್ತೇನೆ.

ಮಾನ್ವಿಯಿಂದ:
ಕೊಪ್ಪಳದ್ದೇ? ರಾಯಚೂರಿಗೆ ಬಂದು ತಿಂದು ನೋಡಿ, ಆಮೇಲೆ ಮಾತಾಡಿ.

ಲ್ಯಾಬಿನಾಕೆ, ರಾಯಚೂರು:
ತಿಂದು ಬಂದವರ ಟ್ರೈಗ್ಲಿಸರೈಡ್ ನಾನು ಮಾಡುತ್ತೇನೆ. ಉಪವಾಸವಿಲ್ಲದೆ.

ಡಯಾಲಿಸಿಸ್ ಮಗಳು, ಲಿಂಗಸುಗೂರು:
ಚರ್ಚೆ ಅಡ್ಡದಾರಿಗೆ ಹೋಯಿತು, ಕ್ಷಮಿಸಿ, ನನ್ನದೊಂದು ಪ್ರಶ್ನೆ. ಅಪ್ಪ ಡಯಾಲಿಸಿಸ್ ಮೇಲಿದ್ದಾರೆ. ಪ್ಯಾಕೇಜಿನಲ್ಲಿ ಬಂದ ಲಿಪೇಸ್ 110 ಎಂದಿದೆ, ಮಿತಿ 60. ನೋವೇನೂ ಇಲ್ಲ. ಹೆದರಬೇಕೇ?

ರಾತ್ರಿಪಾಳಿ ವೈದ್ಯ, ಬಳ್ಳಾರಿ:
ಮೂತ್ರಪಿಂಡ ಸೋತವರಲ್ಲಿ ಎರಡೂ ಕಿಣ್ವಗಳು ತುಸು ಏರಿಯೇ ಇರುತ್ತವೆ ತಾಯಿ, ಹೊರಹೋಗುವ ದಾರಿ ಕಡಿಮೆಯಾಗಿರುತ್ತದೆ. ನೋವಿಲ್ಲದೆ 110 ಎಂಬುದಕ್ಕೆ ಪ್ಯಾಂಕ್ರಿಯಾಟೈಟಿಸ್ ಎನ್ನುವುದಿಲ್ಲ. ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರಿಗೆ ತೋರಿಸಿ, ಅಷ್ಟು ಸಾಕು. ನೋವಿಲ್ಲದವರ ಪ್ಯಾಕೇಜಿನಲ್ಲಿ ಲಿಪೇಸ್ ಸೇರಿಸುವವರಿಗೆ ಮಾತ್ರ ಸಿರುಗುಪ್ಪದವರು ಬೈಯಬಹುದು.

ಸಿರುಗುಪ್ಪ ಸೀಮೆ:
ಬೈದಾಯಿತು.

ಗಂಗಾವತಿ ಗಿರಣಿಯವ:
ಎಲ್ಲರಿಗೂ ತಿಳಿಸುತ್ತಿದ್ದೇನೆ. ಭಾವ ಇನ್ನೂ ಐಸಿಯುನಲ್ಲಿದ್ದಾರೆ. ಮೂತ್ರ ಚೆನ್ನಾಗಿ ಬರುತ್ತಿದೆ, ಯೂರಿಯಾ 48ಕ್ಕೆ ಇಳಿದಿದೆ, ಪಿಸಿವಿ 40. ಉಸಿರು ಪರವಾಗಿಲ್ಲ. ಡ್ರಿಪ್‌ನ ವೇಗ ಕಡಿಮೆ ಮಾಡಿದ್ದಾರೆ, ಅದಕ್ಕೂ ಅಕ್ಕ ಗಾಬರಿಯಾಗಿದ್ದಾಳೆ. ಬೇರೆ ಕಡೆ ಸಾಗಿಸುವ ಮಾತು ಬಿಟ್ಟಿದ್ದೇವೆ. ಆದರೆ ಬಿಲ್ಲಿನಲ್ಲಿ ಅಮೈಲೇಸ್ ದಿನವೂ ಇದೆ. ಏಕೆ ಎಂದು ಕೇಳಿದರೆ ನಮ್ಮ ಪದ್ಧತಿ ಎನ್ನುತ್ತಾರೆ. ಅದನ್ನು ಒಪ್ಪಲು ನಾನು ತಯಾರಿಲ್ಲ, ಬಿಡುಗಡೆಯ ದಿನ ಕುಳಿತು ಸಾಲು ಸಾಲಾಗಿ ಲೆಕ್ಕ ಕೇಳುತ್ತೇನೆ.

ರಾತ್ರಿಪಾಳಿ ವೈದ್ಯ, ಬಳ್ಳಾರಿ:
ಕೇಳಿ, ಕೇಳುವುದರಲ್ಲಿ ನ್ಯಾಯವಿದೆ. ಡ್ರಿಪ್ ಕಡಿಮೆ ಮಾಡಿದ್ದಕ್ಕೆ ಅಕ್ಕನವರಿಗೆ ಧೈರ್ಯ ಹೇಳಿ. ಹಿಂದೆ ನಾವು ಲೀಟರುಗಟ್ಟಲೆ ಸುರಿಯುತ್ತಿದ್ದೆವು. 2022ರಲ್ಲಿ ಬಂದ ವಾಟರ್‌ಫಾಲ್ ಎಂಬ ಅಧ್ಯಯನದಲ್ಲಿ ಅತಿಯಾಗಿ ಕೊಟ್ಟವರಿಗೆ ಶರೀರದಲ್ಲಿ ನೀರು ಹೆಚ್ಚಾಯಿತೇ ಹೊರತು ಲಾಭ ಕಾಣಲಿಲ್ಲ. ಈಗ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ಹಿತಮಿತವಾಗಿ ಕೊಟ್ಟು, ಯೂರಿಯಾ ಮತ್ತು ಮೂತ್ರ ನೋಡಿಕೊಂಡು ಹೊಂದಿಸುತ್ತೇವೆ.

ಹೊಸಪೇಟೆ ರಸ್ತೆ:
ಬಿಪಿಎಲ್ ಕಾರ್ಡಿದೆಯೇ ಗಿರಣಿಯವರೇ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆ ಆಸ್ಪತ್ರೆ ನೋಂದಣಿಯಾಗಿದೆಯೇ ಎಂದು ಆರೋಗ್ಯಮಿತ್ರರನ್ನು ಇಂದೇ ಕೇಳಿ, ಬಿಡುಗಡೆಯ ದಿನ ಕೇಳಿದರೆ ತಡವಾಗುತ್ತದೆ.

ಗಂಗಾವತಿ ಗಿರಣಿಯವ:
ಕಾರ್ಡಿದೆ. ಈಗಲೇ ಕೆಳಗೆ ಹೋಗಿ ಕೇಳುತ್ತೇನೆ. ಇನ್ನೊಂದು ವಿಷಯ, ಪಿತ್ತಕೋಶದ ಆಪರೇಷನ್ ಸದ್ಯ ಬೇಡ, ಕೆಲವು ವಾರ ಬಿಟ್ಟು ಬನ್ನಿ ಎಂದಿದ್ದಾರೆ. ಮಾವನವರು ಸುಗ್ಗಿ ಮುಗಿಯಲಿ ಎನ್ನುತ್ತಾರೆ.

ಕೊಪ್ಪಳದ ಅಕ್ಕ:
ನನಗೆ ಮನೆಗೆ ಕಳುಹಿಸುವ ಮೊದಲೇ ಮಾಡಿದರು. ನಿಮಗೇಕೆ ಮುಂದೂಡಿದರು?

ರಾತ್ರಿಪಾಳಿ ವೈದ್ಯ, ಬಳ್ಳಾರಿ:
ಅಕ್ಕಾ, ನಿಮ್ಮದು ಸೌಮ್ಯವಾಗಿತ್ತು. ಸೌಮ್ಯವಾಗಿದ್ದರೆ ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆಯುವುದು ಒಳ್ಳೆಯದು, ಇಲ್ಲದಿದ್ದರೆ ಕಲ್ಲು ಮತ್ತೆ ಜಾರುತ್ತದೆ. ಇವರಿಗೆ ಅಂಗಗಳು ಸೋತಿದ್ದವು. ಬಾವು ಇಳಿದು ಸುತ್ತಲಿನ ನೀರು ಹೀರಿಕೊಳ್ಳುವವರೆಗೆ, ಸುಮಾರು ಆರು ವಾರ ಕಾಯುವುದು ರೂಢಿ. ಸುಗ್ಗಿಯ ಲೆಕ್ಕ ಬೇಡ, ಶಸ್ತ್ರವೈದ್ಯರು ಕೊಟ್ಟ ತಾರೀಖನ್ನೇ ಹಿಡಿಯಿರಿ.

ಗಂಗಾವತಿ ಗಿರಣಿಯವ:
ಆ ನಡುವೆ ಲಿಪೇಸ್ ಎಷ್ಟಿದೆ ಎಂದು ವಾರಕ್ಕೊಮ್ಮೆ ನೋಡಿಸುತ್ತಿರಬೇಕೇ?

ಲ್ಯಾಬಿನಾಕೆ, ರಾಯಚೂರು:
ಬೇಡ ಅಣ್ಣಾ. ಇಷ್ಟೆಲ್ಲ ಚರ್ಚೆಯಾದ ಮೇಲೂ! ಅದೇ ನೋವು ಮತ್ತೆ ಬಂದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ, ಲಿಪೇಸ್ ಆಗ ಮಾಡಿಸಿ. ಹಳೆಯ ವರದಿಗಳನ್ನೆಲ್ಲ ಜೊತೆಗೆ ಒಯ್ಯಿರಿ, ಒಂದೇ ಲ್ಯಾಬಿನದ್ದಾದರೆ ಹೋಲಿಸಲು ಸುಲಭ. ಕೆಲವರ ಮಿತಿ 60, ಕೆಲವರದು 160, ಇನ್ನು ಕೆಲವರದು 300 ಇರುತ್ತದೆ. ಬರೀ ಅಂಕಿ ನೋಡಿ ಫೋನಿನಲ್ಲಿ ಹೋಲಿಸಿದರೆ ಮತ್ತೆ ಜಗಳವೇ.